ಮಾನೊರೆಪೊದಲ್ಲಿ ಯಾವ್ಯಾವ ಪ್ಯಾಕೇಜ್ ಇವೆ? ಟರ್ಮಿನಲ್‌ನಲ್ಲೇ ಪಟ್ಟಿ ತೆಗೆಯುವ ಬಗೆ

ಹಲವು ಪ್ಯಾಕೇಜ್‌ಗಳನ್ನು, ಅಂದರೆ ತಮ್ಮದೇ ಪ್ಯಾಕೇಜ್.ಜೇಸನ್ ಫೈಲ್ ಇರುವ ಕೋಡ್ ಫೋಲ್ಡರ್‌ಗಳನ್ನು, ಒಂದೇ ಗಿಟ್ ರೆಪೊದಲ್ಲಿ ಇಟ್ಟರೆ ಅದು ಮಾನೊರೆಪೊ. ಅಂಥದ್ದೊಂದು, ಜಾವಾಸ್ಕ್ರಿಪ್ಟ್‌ನ ವೀಟ್ ಬಿಲ್ಡ್ ಟೂಲ್‌ನ ರೆಪೊ, ಕ್ಲೋನ್ ಮಾಡಿಕೊಂಡು ‘ಇದರಲ್ಲಿ ಎಷ್ಟು ಪ್ಯಾಕೇಜ್ ಇವೆ?’ ಎಂದು ಕೇಳಿ ನೋಡಿ, ಮೂರು ಬೇರೆ ಬೇರೆ ಉತ್ತರ ಸಿಗುತ್ತವೆ. ಪ್ಯಾಕೇಜಸ್ ಫೋಲ್ಡರ್ ತೆರೆದು ನೋಡಿದವರು ಮೂರು ಅನ್ನುತ್ತಾರೆ: ವೀಟ್, ಕ್ರಿಯೇಟ್-ವೀಟ್, ಪ್ಲಗಿನ್-ಲೆಗಸಿ. ಪ್ಯಾಕೇಜ್ ಮ್ಯಾನೇಜರ್ (ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಟೂಲ್) ಆದ ಪಿಎನ್‌ಪಿಎಂ ಅನ್ನು ಕೇಳಿದರೆ ಪಟ್ಟಿ ಪರದೆ ದಾಟಿ ಉದ್ದಕ್ಕೆ ಹೋಗುತ್ತದೆ; ಪ್ಲೇಗ್ರೌಂಡ್ ಫೋಲ್ಡರ್‌ನಲ್ಲಿರುವ ಟೆಸ್ಟ್ ಪ್ರಾಜೆಕ್ಟ್‌ಗಳೂ ಅದರ ಲೆಕ್ಕದಲ್ಲಿ ಪ್ಯಾಕೇಜ್‌ಗಳೇ. ಪ್ಯಾಕೇಜ್.ಜೇಸನ್ ಹೆಸರಿನ ಫೈಲ್‌ಗಳನ್ನು ಹುಡುಕಿ ಎಣಿಸಿದವರ ಲೆಕ್ಕ ಇನ್ನೂ ದೊಡ್ಡದು. ಕ್ರಿಯೇಟ್-ವೀಟ್ ಒಳಗೆ ಹೊಸ ಪ್ರಾಜೆಕ್ಟ್‌ಗೆಂದು ಇಟ್ಟಿರುವ ಟೆಂಪ್ಲೇಟ್‌ಗಳಿಗೂ ತಲಾ ಒಂದು ಪ್ಯಾಕೇಜ್.ಜೇಸನ್ ಇದೆಯಲ್ಲ.

ಮೂರೂ ಉತ್ತರ ಸರಿಯೇ. ಪ್ರಶ್ನೆ ಮಾತ್ರ ಒಂದೇ ಅಲ್ಲ. ಬಿಡುಗಡೆ ಮಾಡುವವರಿಗೆ ಪ್ರೈವೇಟ್ (ಪಬ್ಲಿಶ್ ಮಾಡಬಾರದೆಂದು ಗುರುತಿಟ್ಟದ್ದು) ಅಲ್ಲದ ಪ್ಯಾಕೇಜ್‌ಗಳು ಬೇಕು, ಸಿಐ (ಕೋಡ್ ಬದಲಾದಾಗ ತಾನಾಗಿ ಓಡುವ ಬಿಲ್ಡ್ ಮತ್ತು ಟೆಸ್ಟ್) ಬರೆಯುವವರಿಗೆ ಈ ಬ್ರಾಂಚ್‌ನಲ್ಲಿ ಬದಲಾದವು ಬೇಕು, ಹೊಸದಾಗಿ ತಂಡಕ್ಕೆ ಸೇರಿದವರಿಗೆ ಎಲ್ಲವೂ ಬೇಕು. ಯಾವ ಪಟ್ಟಿ ಬೇಕೆಂದು ಮೊದಲು ತೀರ್ಮಾನಿಸಿಕೊಂಡರೆ ಯಾವ ಕಮಾಂಡ್ ಎನ್ನುವುದು ತಾನಾಗಿ ತಿಳಿಯುತ್ತದೆ.

ಓದುವ ಮುನ್ನ ಒಂದು ಸೂಚನೆ. ಇಲ್ಲಿ ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ, ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದೆ. ಚುಕ್ಕಿ, ಗೆರೆ, ಕೊಟೇಶನ್ ಗುರುತುಗಳು ಇದ್ದಂತೆಯೇ. ಎರಡು ಅಡ್ಡಗೆರೆ ಇರುವಲ್ಲಿ ಎರಡೇ ಹಾಕಬೇಕು.

ಮೊದಲು ರೂಟ್ ಫೋಲ್ಡರ್ ನೋಡಿ

ಯಾವ ಪ್ಯಾಕೇಜ್ ಮ್ಯಾನೇಜರ್ ಎಂದು ಗೊತ್ತಿಲ್ಲದೆ ಕಮಾಂಡ್ ಹಾಕುವುದರಲ್ಲಿ ಅರ್ಥವಿಲ್ಲ. ರೂಟ್‌ನಲ್ಲಿ, ಅಂದರೆ ರೆಪೊದ ಎಲ್ಲಕ್ಕಿಂತ ಮೇಲಿನ ಫೋಲ್ಡರ್‌ನಲ್ಲಿ, ಇರುವ ಲಾಕ್ ಫೈಲ್ (ಇನ್‌ಸ್ಟಾಲ್ ಆಗಬೇಕಾದ ಆವೃತ್ತಿಗಳನ್ನು ಬರೆದಿಡುವ ಫೈಲ್) ನೋಡಿದರೆ ಸಾಕು. ಪ್ಯಾಕೇಜ್-ಲಾಕ್.ಜೇಸನ್ ಇದ್ದರೆ ಎನ್‌ಪಿಎಂ. ಪಿಎನ್‌ಪಿಎಂ-ಲಾಕ್.ಯಾಮಲ್ ಇದ್ದರೆ ಪಿಎನ್‌ಪಿಎಂ. ಯಾರ್ನ್.ಲಾಕ್ ಇದ್ದರೆ ಯಾರ್ನ್, ಆದರೆ ಯಾವ ಯಾರ್ನ್ ಎನ್ನುವ ಪ್ರಶ್ನೆ ಉಳಿಯುತ್ತದೆ: ಜೊತೆಗೆ .ಯಾರ್ನ್‌ಆರ್‌ಸಿ.ವೈಎಂಎಲ್ ಇದ್ದರೆ ಅದು ಬೆರಿ, ಅಂದರೆ 2020ರ ಜನವರಿಯಲ್ಲಿ ಬಂದ ಎರಡನೇ ಆವೃತ್ತಿ ಅಥವಾ ಅದರ ನಂತರದ್ದು. ಇಲ್ಲದಿದ್ದರೆ ಬಹುಮಟ್ಟಿಗೆ ಹಳೆಯ ಕ್ಲಾಸಿಕ್. ಅನುಮಾನವಿದ್ದರೆ ‘ಯಾರ್ನ್ --ವರ್ಷನ್’ ಕೇಳಿ. ಉತ್ತರ 1ರಿಂದ ಶುರುವಾದರೆ ಕ್ಲಾಸಿಕ್.

ಎರಡು ಲಾಕ್ ಫೈಲ್ ಒಟ್ಟಿಗೇ ಕಂಡರೆ ಯಾರೋ ತಪ್ಪು ಟೂಲ್‌ನಲ್ಲಿ ಇನ್‌ಸ್ಟಾಲ್ ಹೊಡೆದು ಕಮಿಟ್ ಮಾಡಿದ್ದಾರೆ ಎಂದೇ ಅರ್ಥ. ಆಗ ರೂಟ್ ಪ್ಯಾಕೇಜ್.ಜೇಸನ್‌ನ ‘ಪ್ಯಾಕೇಜ್‌ಮ್ಯಾನೇಜರ್’ ಫೀಲ್ಡ್ ಹೇಳಿದ್ದೇ ಅಂತಿಮ. ಲರ್ನಾ.ಜೇಸನ್, ಎನ್‌ಎಕ್ಸ್.ಜೇಸನ್, ಟರ್ಬೊ.ಜೇಸನ್ ಫೈಲ್‌ಗಳು ಕಂಡರೆ ಗಾಬರಿ ಬೇಡ. ಸಾಮಾನ್ಯವಾಗಿ ಅವು ಮ್ಯಾನೇಜರ್‌ನ ಮೇಲೆ ಕೂತು ಕೆಲಸ ಮಾಡುವ ಟೂಲ್‌ಗಳು, ಅದರ ಬದಲಿ ಅಲ್ಲ.

ಪಿಎನ್‌ಪಿಎಂ: ವೀಟ್ ರೆಪೊವನ್ನೇ ಹಿಡಿದು

ವೀಟ್‌ನ ಪಿಎನ್‌ಪಿಎಂ-ವರ್ಕ್‌ಸ್ಪೇಸ್.ಯಾಮಲ್ ಫೈಲ್‌ನಲ್ಲಿ ಪ್ಯಾಕೇಜಸ್ ಕೆಳಗೆ ಎರಡು ಪ್ಯಾಟರ್ನ್ ಇವೆ: 'ಪ್ಯಾಕೇಜಸ್/*' ಮತ್ತು 'ಪ್ಲೇಗ್ರೌಂಡ್/**'. ಒಂದು ನಕ್ಷತ್ರ ಒಂದೇ ಹಂತ ಇಳಿಯುತ್ತದೆ, ಎರಡು ನಕ್ಷತ್ರ ಎಷ್ಟು ಆಳಕ್ಕಾದರೂ ಇಳಿಯುತ್ತದೆ. ಮೇಲೆ ಹೇಳಿದ ಟೆಂಪ್ಲೇಟ್‌ಗಳು ಪಿಎನ್‌ಪಿಎಂ ಪಟ್ಟಿಗೆ ಬಾರದೆ ಉಳಿಯುವುದು ಈ ಒಂದು ನಕ್ಷತ್ರದಿಂದಲೇ. ಅವು ಪ್ಯಾಕೇಜಸ್‌ನಿಂದ ಎರಡು ಹಂತ ಕೆಳಗಿವೆ.

ಎಲ್ಲ ಪ್ಯಾಕೇಜ್‌ಗಳ ಪಟ್ಟಿಗೆ:

ಪಿಎನ್‌ಪಿಎಂ ಎಲ್‌ಎಸ್ -ಆರ್ --ಡೆಪ್ತ್ -1

‘-ಆರ್’ ಎಂದರೆ ವರ್ಕ್‌ಸ್ಪೇಸ್‌ನ (ಮ್ಯಾನೇಜರ್ ಒಟ್ಟಿಗೆ ನೋಡಿಕೊಳ್ಳುವ ಗುಂಪಿನ) ಎಲ್ಲ ಪ್ಯಾಕೇಜ್‌ಗಳಲ್ಲೂ. ಡೆಪ್ತ್ ಹೇಳದೆ ಬಿಟ್ಟರೆ ಅದು 0 ಎಂದು ತಿಳಿದುಕೊಂಡು ಪ್ರತಿ ಪ್ಯಾಕೇಜ್‌ನ ನೇರ ಡಿಪೆಂಡೆನ್ಸಿಗಳನ್ನೆಲ್ಲ (ಅದಕ್ಕೆ ಬೇಕಾದ ಬೇರೆ ಪ್ಯಾಕೇಜ್‌ಗಳನ್ನೆಲ್ಲ) ಸುರಿಯುತ್ತದೆ; ಹುಡುಕುತ್ತಿದ್ದ ಹೆಸರು ಆ ರಾಶಿಯಲ್ಲಿ ಮುಳುಗಿಹೋಗುತ್ತದೆ. ಮೈನಸ್ 1 ಎಂದರೆ ಡಿಪೆಂಡೆನ್ಸಿ ಬೇಡ, ಪ್ಯಾಕೇಜ್ ಹೆಸರು ಮಾತ್ರ ಸಾಕು ಎಂದು. ಈ ರೂಪದಲ್ಲಿ ಕೇಳಿದಾಗ ಇನ್‌ಸ್ಟಾಲ್ ಕೂಡ ಆಗಿರಬೇಕಿಲ್ಲ, ಪ್ಯಾಕೇಜ್.ಜೇಸನ್‌ಗಳನ್ನಷ್ಟೇ ಓದುತ್ತದೆ. ಒಂದೊಂದು ಸಾಲು ಹೀಗೆ ಬರುತ್ತದೆ:

@ವೀಟ್‌ಜೆಎಸ್/ಟೆಸ್ಟ್-ಸಿಎಸ್‌ಎಸ್@0.0.0 /ಹೋಮ್/ಕೆಲಸ/ವೀಟ್/ಪ್ಲೇಗ್ರೌಂಡ್/ಸಿಎಸ್‌ಎಸ್ (ಪ್ರೈವೇಟ್)

ಹೆಸರು, ಆವೃತ್ತಿ, ಪೂರ್ತಿ ಪಾತ್, ಕೊನೆಗೆ ಪ್ರೈವೇಟ್ ಹೌದೋ ಅಲ್ಲವೋ. ಹೆಸರಿಗೂ ಫೋಲ್ಡರ್‌ಗೂ ತಾಳೆಯಿಲ್ಲ ನೋಡಿ: ಫೋಲ್ಡರ್ ಬರೀ ಸಿಎಸ್‌ಎಸ್, ಪ್ಯಾಕೇಜ್ ಹೆಸರು @ವೀಟ್‌ಜೆಎಸ್/ಟೆಸ್ಟ್-ಸಿಎಸ್‌ಎಸ್. ಫಿಲ್ಟರ್ ಬರೆಯುವಾಗ ಫೋಲ್ಡರ್ ಹೆಸರು ಕೊಟ್ಟು ‘ಏನೂ ಸಿಗಲಿಲ್ಲ’ ಎಂದು ತಲೆ ಕೆರೆದುಕೊಳ್ಳುವುದು ಇಲ್ಲಿಯೇ. ಫೋಲ್ಡರ್‌ನಿಂದ ಹುಡುಕುವುದಾದರೆ ಮುಂದೆ ಚುಕ್ಕಿ ಮತ್ತು ಓರೆಗೆರೆ ಇರಲೇಬೇಕು:

ಪಿಎನ್‌ಪಿಎಂ --ಫಿಲ್ಟರ್ "./ಪ್ಯಾಕೇಜಸ್/*" ಎಲ್‌ಎಸ್ --ಡೆಪ್ತ್ -1

ಈಗ ಪಟ್ಟಿಯಲ್ಲಿ ಮೊದಲು ಹೇಳಿದ ಮೂರೇ ಉಳಿಯುತ್ತವೆ. ಫಿಲ್ಟರ್ ಕೊಟ್ಟಾಗ ‘-ಆರ್’ ಬೇಕಿಲ್ಲ, ಅದು ತಾನಾಗಿ ಸೇರುತ್ತದೆ.

ಫಿಲ್ಟರ್‌ನ ಕೊಟೇಶನ್ ಗುರುತು ಅಲಂಕಾರಕ್ಕಲ್ಲ. ಅದಿಲ್ಲದಿದ್ದರೆ ನಕ್ಷತ್ರವನ್ನು ಶೆಲ್ ಮೊದಲೇ ಬಿಡಿಸಿಬಿಡುತ್ತದೆ. ಮೊದಲ ಫೋಲ್ಡರ್ ಮಾತ್ರ ಫಿಲ್ಟರ್‌ಗೆ ಹೋಗಿ ಉಳಿದವು ಬೇರೆಲ್ಲೋ ಬೀಳುತ್ತವೆ. ಹೊರಗಿಡುವ ಫಿಲ್ಟರ್‌ಗೆ ಆಶ್ಚರ್ಯಸೂಚಕ ಚಿಹ್ನೆ ಬೇಕು: '!./ಪ್ಲೇಗ್ರೌಂಡ್/**'. ಬ್ಯಾಶ್‌ನಲ್ಲಿ ಇದನ್ನು ಜೋಡಿ ಕೊಟೇಶನ್‌ನಲ್ಲಿಟ್ಟರೆ ಹಿಸ್ಟರಿಯಿಂದ ಹಳೆ ಕಮಾಂಡ್ ಹುಡುಕಲು ಹೊರಡುತ್ತದೆ, ಆದ್ದರಿಂದ ಒಂಟಿ ಕೊಟೇಶನ್. ವಿಂಡೋಸ್‌ನ ಸಿಎಂಡಿಯಲ್ಲಿ ಇದು ತಿರುವುಮುರುವು: ಒಂಟಿ ಕೊಟೇಶನ್ ಅಲ್ಲಿ ಕೊಟೇಶನ್ನೇ ಅಲ್ಲ, ಜೋಡಿಯೇ ಬೇಕು. ಎರಡೂ ಕಡೆ ಓಡಬೇಕಾದ ಪ್ಯಾಕೇಜ್.ಜೇಸನ್ ಸ್ಕ್ರಿಪ್ಟ್‌ನಲ್ಲಿ ಜೋಡಿ ಕೊಟೇಶನ್ ಬಳಸಿ, ಬ್ಯಾಕ್‌ಸ್ಲ್ಯಾಶ್ ಸೇರಿಸಿ.

ಪಿಎನ್‌ಪಿಎಂ ಫಿಲ್ಟರ್‌ನ ನಿಜವಾದ ಬಲ ಮೂರು ಚುಕ್ಕಿಗಳಲ್ಲಿದೆ. ಹೆಸರಿನ ಹಿಂದೆ ಹಾಕಿದರೆ ಒಂದು ಅರ್ಥ, ಮುಂದೆ ಹಾಕಿದರೆ ಇನ್ನೊಂದು:

ಪಿಎನ್‌ಪಿಎಂ --ಫಿಲ್ಟರ್ "...ವೀಟ್" ಎಲ್‌ಎಸ್ --ಡೆಪ್ತ್ -1

ಇದು ವೀಟ್ ಅನ್ನು ನಂಬಿಕೊಂಡಿರುವ ಎಲ್ಲ ಪ್ಯಾಕೇಜ್‌ಗಳನ್ನು, ವೀಟ್‌ನ ಸಮೇತ, ಕೊಡುತ್ತದೆ. "ವೀಟ್..." ಎಂದು ಬರೆದರೆ ವೀಟ್ ಮತ್ತು ಅದಕ್ಕೆ ಬೇಕಾದ ವರ್ಕ್‌ಸ್ಪೇಸ್ ಪ್ಯಾಕೇಜ್‌ಗಳು. ನೆನಪಿಟ್ಟುಕೊಳ್ಳಲು ಸುಲಭದ ಗುರುತು: ಚುಕ್ಕಿಗಳು ಎಡಕ್ಕಿದ್ದರೆ ‘ಇದು ಕೆಟ್ಟರೆ ಯಾರ್ಯಾರು ಕೆಡುತ್ತಾರೆ’, ಬಲಕ್ಕಿದ್ದರೆ ‘ಇದು ಓಡಲು ಯಾರ್ಯಾರು ಬೇಕು’. ಹೆಸರಿಟ್ಟ ಪ್ಯಾಕೇಜೇ ಪಟ್ಟಿಯಲ್ಲಿ ಬೇಡವಾದರೆ ಚುಕ್ಕಿ ಮತ್ತು ಹೆಸರಿನ ನಡುವೆ ಟೋಪಿ ಗುರುತು ಹಾಕಿ: "...^ವೀಟ್".

ಮೇನ್ ಬ್ರಾಂಚ್‌ಗೆ ಹೋಲಿಸಿ ಬದಲಾದವುಗಳು ಮತ್ತು ಅವುಗಳನ್ನು ನಂಬಿರುವವು ಬೇಕಾದರೆ ಚೌಕ ಕಂಸದಲ್ಲಿ ಗಿಟ್ ರೆಫರೆನ್ಸ್:

ಪಿಎನ್‌ಪಿಎಂ --ಫಿಲ್ಟರ್ "...[ಆರಿಜಿನ್/ಮೇನ್]" ಎಲ್‌ಎಸ್ --ಡೆಪ್ತ್ -1

ಯಾವುದೂ ಹೊಂದದಿದ್ದರೆ ಪಿಎನ್‌ಪಿಎಂ ಎರರ್ ಕೊಡುವುದಿಲ್ಲ. ‘ಫಿಲ್ಟರ್‌ಗೆ ಯಾವ ಪ್ರಾಜೆಕ್ಟ್ ಕೂಡ ಸಿಗಲಿಲ್ಲ’ ಎಂಬರ್ಥದ ಸಂದೇಶ ಕೊಟ್ಟು ಸೊನ್ನೆ ಕೋಡ್‌ನಲ್ಲೇ, ಅಂದರೆ ‘ಎಲ್ಲ ಸರಿ’ ಎಂದೇ, ಮುಗಿಸುತ್ತದೆ. ಹೆಸರಿನಲ್ಲಿ ಒಂದಕ್ಷರ ತಪ್ಪಿದ ಫಿಲ್ಟರ್ ಸಿಐಯಲ್ಲಿ ತಿಂಗಳುಗಟ್ಟಲೆ ಹಸಿರಾಗಿ ಓಡುತ್ತಲೇ ಇರಬಹುದು, ಒಂದು ಟೆಸ್ಟ್ ಕೂಡ ನಡೆಸದೆ. ಸ್ಕ್ರಿಪ್ಟ್‌ಗಳಲ್ಲಿ ‘--ಫೇಲ್-ಇಫ್-ನೋ-ಮ್ಯಾಚ್’ ತಪ್ಪದೇ ಸೇರಿಸಿ.

ಇನ್ನೊಂದು ಗೊಂದಲ ರೂಟ್‌ದು. ‘ಎಲ್‌ಎಸ್ -ಆರ್’ ರೂಟ್ ಪ್ಯಾಕೇಜ್ ಅನ್ನೂ ಪಟ್ಟಿಯಲ್ಲಿ ತೋರಿಸುತ್ತದೆ. ಆದರೆ ‘ಪಿಎನ್‌ಪಿಎಂ -ಆರ್ ಎಕ್ಸೆಕ್ ಪಿಡಬ್ಲ್ಯೂಡಿ’ ಎಂದು ಒಂದೊಂದು ಪ್ಯಾಕೇಜ್‌ನೊಳಗೂ ಕಮಾಂಡ್ ಓಡಿಸಿ ಪಟ್ಟಿ ತೆಗೆದರೆ ರೂಟ್ ಬಿಟ್ಟುಹೋಗುತ್ತದೆ. ಎರಡು ಪಟ್ಟಿಗಳ ನಡುವೆ ಒಂದರ ವ್ಯತ್ಯಾಸ ಕಂಡರೆ ಕಾರಣ ಇದೇ. ಅಲ್ಲೂ ರೂಟ್ ಬೇಕಾದರೆ ‘--ಇನ್‌ಕ್ಲೂಡ್-ವರ್ಕ್‌ಸ್ಪೇಸ್-ರೂಟ್’ ಇದೆ.

ಎನ್‌ಪಿಎಂ

ಎನ್‌ಪಿಎಂಗೆ ವರ್ಕ್‌ಸ್ಪೇಸ್ ಬಂದದ್ದು 2020ರಲ್ಲಿ, 7ನೇ ಆವೃತ್ತಿಯೊಂದಿಗೆ. ರೂಟ್ ಪ್ಯಾಕೇಜ್.ಜೇಸನ್‌ನ ‘ವರ್ಕ್‌ಸ್ಪೇಸಸ್’ ಫೀಲ್ಡ್‌ನಲ್ಲಿ ಪ್ಯಾಟರ್ನ್‌ಗಳಿರುತ್ತವೆ. ಪಟ್ಟಿ ತೆಗೆಯಲು ಮೂರು ದಾರಿ ಇವೆ, ಮೂರಕ್ಕೂ ಬೇರೆ ಬೇರೆ ಗುಣ.

‘ಎನ್‌ಪಿಎಂ ಎಲ್‌ಎಸ್ --ಡೆಪ್ತ್=0’ ಎಲ್ಲರ ಬೆರಳ ತುದಿಯಲ್ಲಿರುವುದು, ಆದರೆ ಈ ಕೆಲಸಕ್ಕೆ ಮೂರರಲ್ಲಿ ಕಳಪೆ. ಡಿಪೆಂಡೆನ್ಸಿಗಳನ್ನೂ ವರ್ಕ್‌ಸ್ಪೇಸ್‌ಗಳನ್ನೂ ಕಲಸಿ ಕೊಡುತ್ತದೆ. ಬಾಣದ ಗುರುತು ಇರುವ ಸಾಲುಗಳು ಮಾತ್ರ ನಿಮ್ಮವು. ಅದರ ಮೇಲೆ, ಮರದಲ್ಲಿ ಎಲ್ಲೋ ಒಂದು ಡಿಪೆಂಡೆನ್ಸಿ ಕಾಣೆಯಾಗಿದ್ದರೆ ಅಥವಾ ಆವೃತ್ತಿ ಹೊಂದದಿದ್ದರೆ ಪಟ್ಟಿ ಕೊಟ್ಟೂ ಕೋಡ್ 1ರಲ್ಲಿ ಮುಗಿಯುತ್ತದೆ. ‘ಸೆಟ್ -ಇ’ (ಎರರ್ ಬಂದೊಡನೆ ನಿಲ್ಲು) ಇರುವ ಸ್ಕ್ರಿಪ್ಟ್ ಅಲ್ಲೇ ಕುಸಿಯುತ್ತದೆ.

ಸ್ಕ್ರಿಪ್ಟ್‌ಗೆ ಹೇಳಿಮಾಡಿಸಿದ್ದು ಕ್ವೆರಿ:

ಎನ್‌ಪಿಎಂ ಕ್ವೆರಿ .ವರ್ಕ್‌ಸ್ಪೇಸ್

ಸಿಎಸ್‌ಎಸ್ ಸೆಲೆಕ್ಟರ್‌ನಂತೆಯೇ ಮುಂದೆ ಚುಕ್ಕಿ. 2022ರಿಂದ, 8.16ನೇ ಆವೃತ್ತಿಯಿಂದ ಇದೆ. ಉತ್ತರ ಜೇಸನ್ ಅರೇ. ಪ್ರತಿ ಪ್ಯಾಕೇಜ್‌ನ ಪ್ಯಾಕೇಜ್.ಜೇಸನ್ ಪೂರ್ತಿ, ಜೊತೆಗೆ ಲೊಕೇಶನ್, ಪಾತ್ ಮುಂತಾದವು. ನೇರವಾಗಿ ಓದಲು ಕಷ್ಟ, ಜೆಕ್ಯೂ ಎಂಬ ಜೇಸನ್ ಟೂಲ್‌ಗೆ ಕೊಟ್ಟು ಬೇಕಾದ್ದನ್ನು ಸೋಸಿಕೊಳ್ಳಬೇಕು:

ಎನ್‌ಪಿಎಂ ಕ್ವೆರಿ .ವರ್ಕ್‌ಸ್ಪೇಸ್ | ಜೆಕ್ಯೂ -ಆರ್ '.[] | [.ನೇಮ್, .ಲೊಕೇಶನ್] | @ಟಿಎಸ್‌ವಿ'

ಆದರೆ ಕ್ವೆರಿ ನೋಡುವುದು ನೋಡ್_ಮಾಡ್ಯೂಲ್ಸ್‌ನಲ್ಲಿ ಈಗ ನಿಜಕ್ಕೂ ಇರುವ ಮರವನ್ನು. ಆಗಷ್ಟೇ ಕ್ಲೋನ್ ಮಾಡಿ, ಇನ್‌ಸ್ಟಾಲ್ ಮಾಡದೆ ಕೇಳಿದರೆ ಖಾಲಿ ಅರೇ ಬರುತ್ತದೆ, ಎರರ್ ಇಲ್ಲದೆ. ನಿನ್ನೆ ಸೇರಿಸಿದ ಪ್ಯಾಕೇಜ್‌ಗೆ ಇನ್‌ಸ್ಟಾಲ್ ಆಗಿಲ್ಲದಿದ್ದರೆ ಅದೊಂದು ಮಾತ್ರ ಕಾಣದು. ಇನ್‌ಸ್ಟಾಲ್ ಕಾಯಲಾಗದ ಕಡೆ ಮೂರನೇ ದಾರಿ:

ಎನ್‌ಪಿಎಂ ಪಿಕೆಜಿ ಗೆಟ್ ನೇಮ್ ವರ್ಷನ್ --ವರ್ಕ್‌ಸ್ಪೇಸಸ್

ಇದು ಪ್ಯಾಟರ್ನ್ ಬಿಡಿಸಿ ಪ್ಯಾಕೇಜ್.ಜೇಸನ್‌ಗಳನ್ನಷ್ಟೇ ಓದುತ್ತದೆ. ಉತ್ತರ ಅರೇ ಅಲ್ಲ, ಪ್ಯಾಕೇಜ್ ಹೆಸರೇ ಕೀ ಆಗಿರುವ ಆಬ್ಜೆಕ್ಟ್. ಬರೀ ಹೆಸರು ಸಾಕಾದರೆ ಕೊನೆಗೆ ಪೈಪ್ ಹಾಕಿ ಜೆಕ್ಯೂ -ಆರ್ 'ಕೀಸ್[]'.

ಮೂರಕ್ಕೂ ಒಂದು ಎಚ್ಚರಿಕೆ. ಎನ್‌ಪಿಎಂ ಕಮಾಂಡ್‌ಗಳನ್ನು ರೂಟ್‌ನಿಂದಲೇ ಓಡಿಸಿ. ಒಂದು ಪ್ಯಾಕೇಜ್‌ನ ಫೋಲ್ಡರ್ ಒಳಗೆ ನಿಂತು ಕೇಳಿದರೆ ‘ಈ ಪ್ಯಾಕೇಜ್ ಬಗ್ಗೆ ಕೇಳುತ್ತಿದ್ದಾರೆ’ ಎಂದೇ ಅದು ತಿಳಿಯುತ್ತದೆ. ಪಿಎನ್‌ಪಿಎಂನಿಂದ ಬಂದವರು ‘-ಡಬ್ಲ್ಯೂ’ ಬಗ್ಗೆ ಹುಷಾರಾಗಿರಬೇಕು: ಪಿಎನ್‌ಪಿಎಂನಲ್ಲಿ ಅದು ‘ವರ್ಕ್‌ಸ್ಪೇಸ್ ರೂಟ್‌ಗೆ ಹೋಗು’, ಎನ್‌ಪಿಎಂನಲ್ಲಿ ‘ಮುಂದೆ ಹೇಳುವ ವರ್ಕ್‌ಸ್ಪೇಸ್‌ನಲ್ಲಿ ಮಾತ್ರ’. ಒಂದೇ ಅಕ್ಷರ, ಅರ್ಥ ಬಹುತೇಕ ಉಲ್ಟಾ.

ಯಾರ್ನ್, ಹಳೆಯದು ಮತ್ತು ಹೊಸದು

ಕ್ಲಾಸಿಕ್‌ನಲ್ಲಿ ಕಮಾಂಡ್:

ಯಾರ್ನ್ --ಸೈಲೆಂಟ್ ವರ್ಕ್‌ಸ್ಪೇಸಸ್ ಇನ್ಫೊ

ಸೈಲೆಂಟ್ ಬಿಟ್ಟರೆ ಮೇಲೆ ಆವೃತ್ತಿಯ ಸಾಲು, ಕೆಳಗೆ ‘ಇಷ್ಟು ಸೆಕೆಂಡಿನಲ್ಲಿ ಮುಗಿಯಿತು’ ಎನ್ನುವ ಸಾಲು ಸೇರಿ ಜೆಕ್ಯೂ ಮುಗ್ಗರಿಸುತ್ತದೆ. ‘--ಜೇಸನ್’ ಕೊಟ್ಟರೆ ಚೆನ್ನಾಗಿ ಬರಬಹುದು ಅನ್ನಿಸುತ್ತದೆ, ಆದರೆ ಅದು ಇಡೀ ಜೇಸನ್ ಅನ್ನು ಇನ್ನೊಂದು ಜೇಸನ್‌ನ ‘ಡೇಟಾ’ ಎಂಬ ಸ್ಟ್ರಿಂಗ್ ಒಳಗೆ ತುರುಕುತ್ತದೆ. ಎರಡು ಸಲ ಬಿಚ್ಚಬೇಕು. ಸೈಲೆಂಟ್ ಸಾಕು.

ಈ ಉತ್ತರದಲ್ಲಿ ಒಂದು ಫೀಲ್ಡ್ ಚಿನ್ನದಂಥದ್ದು: ‘ಮಿಸ್‌ಮ್ಯಾಚ್ಡ್ ವರ್ಕ್‌ಸ್ಪೇಸ್ ಡಿಪೆಂಡೆನ್ಸೀಸ್’. ನಿಮ್ಮದೇ ಪ್ಯಾಕೇಜ್ ಅನ್ನು ಇನ್ನೊಂದು ಪ್ಯಾಕೇಜ್ ಕೇಳುತ್ತಿದ್ದು, ಕೇಳಿದ ಆವೃತ್ತಿ ರೆಪೊದಲ್ಲಿರುವ ಆವೃತ್ತಿಗೆ ಹೊಂದದಿದ್ದರೆ ಹೆಸರು ಇಲ್ಲಿ ಬರುತ್ತದೆ. ಹಾಗಾದಾಗ ಯಾರ್ನ್ ಪಕ್ಕದ ಫೋಲ್ಡರ್ ಬಿಟ್ಟು ರಿಜಿಸ್ಟ್ರಿಯಿಂದ ತರಿಸುತ್ತದೆ. ‘ಕೋಡ್ ಬದಲಿಸಿದೆ, ಆ್ಯಪ್‌ನಲ್ಲಿ ಏನೂ ಬದಲಾಗುತ್ತಿಲ್ಲ’ ಎನ್ನುವ ಗೋಳಿಗೆ ಹಲವು ಸಲ ಕಾರಣ ಇಲ್ಲಿ ಸಿಗುತ್ತದೆ.

ಬೆರಿಯಲ್ಲಿ ಕಮಾಂಡ್ ‘ಯಾರ್ನ್ ವರ್ಕ್‌ಸ್ಪೇಸಸ್ ಲಿಸ್ಟ್’. ‘--ಜೇಸನ್’ ಸೇರಿಸಿದರೆ ಸಾಲಿಗೊಂದು ಜೇಸನ್ ಬರುತ್ತದೆ, ಎನ್‌ಪಿಎಂನಂತೆ ಒಂದು ಅರೇ ಅಲ್ಲ. ಹಾಗಾಗಿ ಎನ್‌ಪಿಎಂಗೆ ಬರೆದ ಜೆಕ್ಯೂ ಇಲ್ಲಿ ಓಡದು; ಮುಂದಿನ '.[]' ತೆಗೆಯಬೇಕು, ಅರೇಯೇ ಬೇಕಾದರೆ ‘ಜೆಕ್ಯೂ -ಎಸ್’ ಎಲ್ಲವನ್ನೂ ಒಟ್ಟುಗೂಡಿಸುತ್ತದೆ. ರೂಟ್ ಇಲ್ಲಿ ಒಂದು ಚುಕ್ಕಿ ಲೊಕೇಶನ್ ಹೊತ್ತು ಬರುತ್ತದೆ. ಬೇಡವಾದರೆ:

ಯಾರ್ನ್ ವರ್ಕ್‌ಸ್ಪೇಸಸ್ ಲಿಸ್ಟ್ --ಜೇಸನ್ | ಜೆಕ್ಯೂ -ಆರ್ 'ಸೆಲೆಕ್ಟ್(.ಲೊಕೇಶನ್ != ".") | .ನೇಮ್'

‘--ನೋ-ಪ್ರೈವೇಟ್’ ಪ್ರೈವೇಟ್ ಪ್ಯಾಕೇಜ್‌ಗಳನ್ನು ಕೈಬಿಡುತ್ತದೆ, ‘--ಸಿನ್ಸ್’ ಮುಖ್ಯ ಬ್ರಾಂಚ್‌ಗೆ ಹೋಲಿಸಿ ಬದಲಾದವನ್ನು ಕೊಡುತ್ತದೆ. ಒಳಗಿನ ಸಂಬಂಧಗಳೂ ಬೇಕಾದರೆ ‘--ವರ್ಬೋಸ್’ ಮತ್ತು ‘--ಜೇಸನ್’ ಎರಡನ್ನೂ ಒಟ್ಟಿಗೆ ಕೊಡಿ.

ಬೆರಿಯಲ್ಲಿ ಹೊಸ ಪ್ಯಾಕೇಜ್ ಫೋಲ್ಡರ್ ಮಾಡಿ ಅದರೊಳಗೆ ಯಾರ್ನ್ ಓಡಿಸಿದರೆ ‘ಹತ್ತಿರದ ಪ್ಯಾಕೇಜ್ ಫೋಲ್ಡರ್ ಈ ಪ್ರಾಜೆಕ್ಟ್‌ಗೆ ಸೇರಿದ್ದಲ್ಲ’ ಎಂಬರ್ಥದ ಎರರ್ ಬರುವುದುಂಟು. ಫೋಲ್ಡರ್ ಪ್ಯಾಟರ್ನ್‌ಗೆ ಸಿಕ್ಕಿಲ್ಲ ಎಂದಷ್ಟೇ ಅರ್ಥ. ಅದು ಮಾನೊರೆಪೊದ ಭಾಗವೇ ಆಗಿದ್ದರೆ ವರ್ಕ್‌ಸ್ಪೇಸಸ್ ಪಟ್ಟಿಗೆ ಸೇರಿಸಿ; ಸ್ವತಂತ್ರ ಪ್ರಾಜೆಕ್ಟ್ ಆಗಿದ್ದರೆ ಆ ಫೋಲ್ಡರ್‌ನಲ್ಲಿ ಒಂದು ಖಾಲಿ ಯಾರ್ನ್.ಲಾಕ್ ಇಟ್ಟರೆ ಸಾಕು.

ಲರ್ನಾ, ಎನ್‌ಎಕ್ಸ್, ಟರ್ಬೊ, ರಶ್

‘ಲರ್ನಾ ಎಲ್‌ಎಸ್’ ಪ್ರೈವೇಟ್ ಪ್ಯಾಕೇಜ್‌ಗಳನ್ನು ಹೇಳದೆಯೇ ಮುಚ್ಚಿಡುತ್ತದೆ. ಲರ್ನಾ ಇರುವುದೇ ಪಬ್ಲಿಶ್ ಮಾಡಲು ಎಂಬ ಹಳೆಯ ನೋಟ ಅದು. ಎಲ್ಲವೂ ಬೇಕಾದರೆ ‘-ಎ’. ಸ್ಕ್ರಿಪ್ಟ್‌ಗೆ ‘ಲರ್ನಾ ಎಲ್‌ಎಸ್ -ಎ -ಎಲ್ -ಪಿ’ ಚೆನ್ನ: ಪಾತ್, ಹೆಸರು, ಆವೃತ್ತಿ, ಪ್ರೈವೇಟ್ ಗುರುತು, ನಡುವೆ ಕೋಲನ್. ಕೋಲನ್‌ನಲ್ಲಿ ಕತ್ತರಿಸಿದರೆ ಆಯಿತು ಎಂದುಕೊಂಡ ಸ್ಕ್ರಿಪ್ಟ್ ವಿಂಡೋಸ್‌ನಲ್ಲಿ ಮೊದಲ ದಿನವೇ ಕೈಕೊಡುತ್ತದೆ, ಸಿ ಡ್ರೈವ್‌ನ ಮುಂದೆಯೇ ಒಂದು ಕೋಲನ್ ಇದೆಯಲ್ಲ. ಅಲ್ಲಿ ‘--ಜೇಸನ್’ ಬಳಸಿ. ‘ಇಷ್ಟು ಪ್ಯಾಕೇಜ್ ಸಿಕ್ಕವು’ ಎಂಬಂಥ ಸಂದೇಶಗಳನ್ನು ಲರ್ನಾ ಎರರ್ ಸ್ಟ್ರೀಮ್‌ಗೆ ಬರೆಯುವುದರಿಂದ ಪೈಪ್‌ಗೆ ತೊಂದರೆಯಿಲ್ಲ. ಎರಡೂ ಸ್ಟ್ರೀಮ್ ಕೂಡಿಸಿದರೆ ಮಾತ್ರ ಜೇಸನ್ ಕೆಡುತ್ತದೆ. ಯಾವುದರ ಮೊದಲು ಯಾವುದನ್ನು ಬಿಲ್ಡ್ ಮಾಡಬೇಕು ಎನ್ನುವ ಕ್ರಮ ಬೇಕಾದರೆ ‘--ಟೋಪೊಸಾರ್ಟ್’.

ಎನ್‌ಎಕ್ಸ್‌ಗೆ ‘ಎನ್‌ಎಕ್ಸ್ ಶೋ ಪ್ರಾಜೆಕ್ಟ್ಸ್’. ‘--ಅಫೆಕ್ಟೆಡ್’, ‘--ವಿತ್-ಟಾರ್ಗೆಟ್ ಟೆಸ್ಟ್’, ‘--ಜೇಸನ್’ ಸೇರಿಸಿಕೊಳ್ಳಬಹುದು. ಇಲ್ಲಿ ಬರುವುದು ಎನ್‌ಎಕ್ಸ್‌ನ ಪ್ರಾಜೆಕ್ಟ್ ಹೆಸರು, ಪ್ರಾಜೆಕ್ಟ್.ಜೇಸನ್‌ನಲ್ಲಿ ಬೇರೆ ಹೆಸರಿಟ್ಟಿದ್ದರೆ ಅದು ಪ್ಯಾಕೇಜ್ ಹೆಸರಿಗೆ ಹೊಂದದು. ಅಳಿಸಿಹಾಕಿದ ಪ್ರಾಜೆಕ್ಟ್ ಇನ್ನೂ ಕಾಣುತ್ತಿದ್ದರೆ ‘ಎನ್‌ಎಕ್ಸ್ ರೀಸೆಟ್’.

ಟರ್ಬೊರೆಪೊದ 2ನೇ ಸರಣಿಯಲ್ಲಿ ‘ಟರ್ಬೊ ಎಲ್‌ಎಸ್’ ಇದೆ. ಹಳೆಯದರಲ್ಲಿ ಸುತ್ತುದಾರಿ: ‘ಟರ್ಬೊ ರನ್ ಬಿಲ್ಡ್ --ಡ್ರೈ=ಜೇಸನ್’ ಉತ್ತರದ ‘ಪ್ಯಾಕೇಜಸ್’ ಫೀಲ್ಡ್. ಎರಡು ಓರೆಗೆರೆಗಳ ವಿಚಿತ್ರ ಹೆಸರು ಕಂಡರೆ ಅದು ರೂಟ್. ರಶ್‌ನಲ್ಲಿ ಪ್ಯಾಟರ್ನ್‌ಗಳೇ ಇಲ್ಲ, ಪ್ರತಿ ಪ್ರಾಜೆಕ್ಟ್ ಅನ್ನೂ ರಶ್.ಜೇಸನ್‌ನಲ್ಲಿ ಹೆಸರಿಸಿ ಬರೆಯಬೇಕು. ‘ರಶ್ ಲಿಸ್ಟ್’ ಅದನ್ನೇ ಓದಿ ಹೇಳುತ್ತದೆ.

ಯಾವ ಟೂಲೂ ಇಲ್ಲದೆ

ಸರ್ವರ್‌ನಲ್ಲಿ ನೋಡ್ ಕೂಡ ಇಲ್ಲದಿರಬಹುದು. ಆಗ ಫೈಲ್ ಹುಡುಕುವುದೊಂದೇ ದಾರಿ:

ಫೈಂಡ್ . -ನೇಮ್ ನೋಡ್_ಮಾಡ್ಯೂಲ್ಸ್ -ಪ್ರೂನ್ -ಒ -ನೇಮ್ ಪ್ಯಾಕೇಜ್.ಜೇಸನ್ -ಪ್ರಿಂಟ್

ಹಲವರು ಪ್ರೂನ್ ಬದಲು ‘-ನಾಟ್ -ಪಾತ್’ ಬರೆಯುತ್ತಾರೆ. ಉತ್ತರ ಅದೇ, ಆದರೆ ಅದು ನೋಡ್_ಮಾಡ್ಯೂಲ್ಸ್ ಪೂರ್ತಿ ಸುತ್ತಾಡಿ ಬಂದು ಆಮೇಲೆ ಬಿಸಾಡುತ್ತದೆ. ಪ್ರೂನ್ ಬಾಗಿಲಲ್ಲೇ ಹಿಂತಿರುಗುತ್ತದೆ. ಕೊನೆಯ ‘-ಪ್ರಿಂಟ್’ ಮರೆತರೆ ನೋಡ್_ಮಾಡ್ಯೂಲ್ಸ್ ಫೋಲ್ಡರ್‌ಗಳ ಹೆಸರೂ ಪಟ್ಟಿಗೆ ಬರುತ್ತವೆ.

ಗಿಟ್ ರೆಪೊ ಆಗಿದ್ದರೆ ಇದಕ್ಕಿಂತ ಸೊಗಸಾದದ್ದು:

ಗಿಟ್ ಎಲ್‌ಎಸ್-ಫೈಲ್ಸ್ ':(ಗ್ಲಾಬ್)**/ಪ್ಯಾಕೇಜ್.ಜೇಸನ್'

ಗಿಟ್ ಲೆಕ್ಕದಲ್ಲಿರುವ ಫೈಲ್‌ಗಳಷ್ಟೇ ಬರುವುದರಿಂದ ನೋಡ್_ಮಾಡ್ಯೂಲ್ಸ್ ಪ್ರಶ್ನೆಯೇ ಏಳುವುದಿಲ್ಲ. ಮುಂದಿನ ಗ್ಲಾಬ್ ಭಾಗ ಬಿಟ್ಟು ಬರೀ '**/ಪ್ಯಾಕೇಜ್.ಜೇಸನ್' ಎಂದರೆ ರೂಟ್‌ನ ಫೈಲ್ ಬರುವುದಿಲ್ಲ. ಕೆಲವೊಮ್ಮೆ ನಮಗೆ ಬೇಕಾದದ್ದೂ ಅದೇ.

ಹೀಗೆ ಸಿಕ್ಕಿದ್ದೆಲ್ಲ ಪ್ಯಾಕೇಜ್ ಅಲ್ಲ. ಟೆಂಪ್ಲೇಟ್, ಟೆಸ್ಟ್ ಫಿಕ್ಸ್‌ಚರ್, ‘ಟೈಪ್: ಕಾಮನ್‌ಜೆಎಸ್’ ಎಂದು ಹೇಳಲೆಂದೇ ಇಟ್ಟ ಎರಡು ಸಾಲಿನ ಪ್ಯಾಕೇಜ್.ಜೇಸನ್ ಎಲ್ಲವೂ ಸೇರಿರುತ್ತವೆ. ಹೆಸರೇ ಇಲ್ಲದವನ್ನು ತೆಗೆದುಹಾಕಲು ಪೈಪ್ ಮುಂದೆ ಇದನ್ನು ಸೇರಿಸಿ:

ಎಕ್ಸ್‌ಆರ್ಗ್ಸ್ ಜೆಕ್ಯೂ -ಆರ್ 'ಸೆಲೆಕ್ಟ್(.ನೇಮ್) | [.ನೇಮ್, ಇನ್‌ಪುಟ್_ಫೈಲ್‌ನೇಮ್] | @ಟಿಎಸ್‌ವಿ'

ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಗಿಟ್‌ಗೆ ‘-ಝಡ್’, ಎಕ್ಸ್‌ಆರ್ಗ್ಸ್‌ಗೆ ‘-0’ ಕೊಡಿ.

ಎರಡು ಪಟ್ಟಿ ಹೋಲಿಸಿ

ಇರುವ ಕೆಲಸಗಳಲ್ಲಿ ಅತಿ ಉಪಯೋಗದ್ದು ಇದು: ಪ್ಯಾಕೇಜ್.ಜೇಸನ್ ಇದ್ದೂ ವರ್ಕ್‌ಸ್ಪೇಸ್‌ಗೆ ಸೇರದ ಫೋಲ್ಡರ್‌ಗಳು ಯಾವುವು? ಪಿಎನ್‌ಪಿಎಂ ರೆಪೊದ ರೂಟ್‌ನಲ್ಲಿ ನಿಂತು:

ಪಿಎನ್‌ಪಿಎಂ ಎಲ್‌ಎಸ್ -ಆರ್ --ಡೆಪ್ತ್ -1 --ಪಾರ್ಸೆಬಲ್ | ಸಾರ್ಟ್ > /ಟಿಎಂಪಿ/ಎ

ಗಿಟ್ ಎಲ್‌ಎಸ್-ಫೈಲ್ಸ್ '**/ಪ್ಯಾಕೇಜ್.ಜೇಸನ್' | ಎಕ್ಸ್‌ಆರ್ಗ್ಸ್ -ಎನ್1 ಡಿಐಆರ್‌ನೇಮ್ | ಸೆಡ್ "ಎಸ್|^|$(ಪಿಡಬ್ಲ್ಯೂಡಿ -ಪಿ)/|" | ಸಾರ್ಟ್ > /ಟಿಎಂಪಿ/ಬಿ

ಕಾಮ್ -13 /ಟಿಎಂಪಿ/ಎ /ಟಿಎಂಪಿ/ಬಿ

ಇಲ್ಲಿ ಪಿಡಬ್ಲ್ಯೂಡಿಯ ಆಯ್ಕೆ ‘-ಪಿ’ ಮಾತ್ರ ದೊಡ್ಡಕ್ಷರ. ಮ್ಯಾಕ್‌ನಲ್ಲಿ ಸಿಮ್‌ಲಿಂಕ್ ಮೂಲಕ ಬಂದ ಫೋಲ್ಡರ್‌ಗೆ ಎರಡು ಪಾತ್ ಇರುತ್ತವೆ. ನಿಜವಾದ ಪಾತ್ ಬಳಸದಿದ್ದರೆ ಒಂದು ಸಾಲೂ ಹೊಂದದೆ ಇಡೀ ಪಟ್ಟಿ ‘ಸೇರದವು’ ಎಂದು ಬರುತ್ತದೆ. ವೀಟ್ ರೆಪೊದಲ್ಲಿ ಇದನ್ನು ಓಡಿಸಿದರೆ ಕ್ರಿಯೇಟ್-ವೀಟ್‌ನ ಟೆಂಪ್ಲೇಟ್‌ಗಳು ಸಾಲಾಗಿ ಕಾಣುತ್ತವೆ. ಅವು ಹೊರಗಿರಬೇಕಾದವೇ. ನಿಮ್ಮ ರೆಪೊದಲ್ಲಿ ಕಾಣುವ ಪ್ರತಿ ಸಾಲಿಗೂ ಅಷ್ಟೇ ಸ್ಪಷ್ಟ ಕಾರಣ ಇದೆಯೇ ಎಂದು ನೋಡಿ.

ಪ್ಯಾಕೇಜ್ ಕಾಣದಿದ್ದರೆ

ಹೆಚ್ಚಿನ ಸಲ ದೋಷ ಪ್ಯಾಟರ್ನ್‌ನಲ್ಲೇ. ಪ್ಯಾಕೇಜಸ್ ಫೋಲ್ಡರ್‌ನೊಳಗೆ ಸ್ಕೋಪ್ ಹೆಸರಿನ ಇನ್ನೊಂದು ಫೋಲ್ಡರ್ ಮಾಡಿ ಅದರಲ್ಲಿ ಪ್ಯಾಕೇಜ್ ಇಟ್ಟಿದ್ದರೆ 'ಪ್ಯಾಕೇಜಸ್/*' ಅದನ್ನು ಮುಟ್ಟುವುದಿಲ್ಲ. 'ಪ್ಯಾಕೇಜಸ್/*/*' ಕೂಡ ಬೇಕು. ಯಾಮಲ್ ಫೈಲ್‌ನಲ್ಲಿ ನಕ್ಷತ್ರ ಅಥವಾ ಆಶ್ಚರ್ಯಸೂಚಕದಿಂದ ಶುರುವಾಗುವ ಪ್ಯಾಟರ್ನ್‌ಗೆ ಕೊಟೇಶನ್ ಕಡ್ಡಾಯ, ಎರಡಕ್ಕೂ ಯಾಮಲ್‌ನಲ್ಲಿ ತಮ್ಮದೇ ಬೇರೆ ಅರ್ಥ ಇದೆ.

ಫೋಲ್ಡರ್ ಇದೆ, ಪ್ಯಾಕೇಜ್.ಜೇಸನ್ ಇಲ್ಲ ಎಂದಾದರೆ ಮ್ಯಾನೇಜರ್ ಸುಮ್ಮನೆ ದಾಟಿ ಹೋಗುತ್ತದೆ. ಬ್ರಾಂಚ್ ಬದಲಿಸಿದ ಮೇಲೆ ಒಳಗೆ ನೋಡ್_ಮಾಡ್ಯೂಲ್ಸ್ ಮಾತ್ರ ಉಳಿದ ಫೋಲ್ಡರ್‌ಗಳು ಇಂಥವೇ. ಎನ್‌ಪಿಎಂನಲ್ಲಿ ಎರಡು ಪ್ಯಾಕೇಜ್‌ಗೆ ಒಂದೇ ಹೆಸರಿದ್ದರೆ ಮಾತ್ರ ಅದು ಸುಮ್ಮನಿರುವುದಿಲ್ಲ, ಡೂಪ್ಲಿಕೇಟ್ ವರ್ಕ್‌ಸ್ಪೇಸ್ ಎಂದು ನಿಂತುಬಿಡುತ್ತದೆ. ಫೋಲ್ಡರ್ ನಕಲು ಮಾಡಿ ಒಳಗಿನ ಹೆಸರು ಬದಲಿಸಲು ಮರೆತಿರುತ್ತಾರೆ.

ಪಿಎನ್‌ಪಿಎಂ ಪ್ಯಾಕೇಜ್.ಜೇಸನ್‌ನ ‘ವರ್ಕ್‌ಸ್ಪೇಸಸ್’ ಫೀಲ್ಡ್ ಅನ್ನು ಲೆಕ್ಕಕ್ಕೆ ಇಡುವುದಿಲ್ಲ, ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಎನ್‌ಪಿಎಂನಿಂದ ಬದಲಾಯಿಸಿದ ರೆಪೊದಲ್ಲಿ ರೂಟ್ ಒಂದೇ ಕಾಣುತ್ತಿದ್ದರೆ ಯಾಮಲ್ ಫೈಲ್ ಬರೆದೇ ಇಲ್ಲ ಎಂದರ್ಥ. ಇದರ ಉಲ್ಟಾ ಕೂಡ ಉಂಟು: ಪಟ್ಟಿಯಲ್ಲಿ ಸಂಬಂಧವೇ ಇಲ್ಲದ ಪ್ರಾಜೆಕ್ಟ್‌ಗಳು ಬರುತ್ತವೆ. ಪಿಎನ್‌ಪಿಎಂ ವರ್ಕ್‌ಸ್ಪೇಸ್ ಫೈಲ್ ಹುಡುಕುತ್ತ ಮೇಲಿನ ಫೋಲ್ಡರ್‌ಗಳಿಗೆ ಹತ್ತುತ್ತ ಹೋಗುತ್ತದೆ. ಹೋಮ್ ಫೋಲ್ಡರ್‌ನಲ್ಲಿ ಎಂದೋ ಬಿದ್ದ ಪಿಎನ್‌ಪಿಎಂ-ವರ್ಕ್‌ಸ್ಪೇಸ್.ಯಾಮಲ್ ಇದ್ದರೆ ಅದೇ ರೂಟ್ ಆಗಿಬಿಡುತ್ತದೆ. ಅದನ್ನು ಅಳಿಸಿ, ಅಥವಾ ಆ ಸಲಕ್ಕೆ ‘--ಇಗ್ನೋರ್-ವರ್ಕ್‌ಸ್ಪೇಸ್’ ಕೊಡಿ.

ಸಿಐಗೆ ಕೊಡುವಾಗ

ಪಬ್ಲಿಶ್ ಆಗುವವು ಮಾತ್ರ ಬೇಕಾದರೆ ಪ್ರೈವೇಟ್ ಸೋಸುವುದು ಹೀಗೆ:

ಪಿಎನ್‌ಪಿಎಂ ಎಲ್‌ಎಸ್ -ಆರ್ --ಡೆಪ್ತ್ -1 --ಜೇಸನ್ | ಜೆಕ್ಯೂ -ಆರ್ '.[] | ಸೆಲೆಕ್ಟ್(.ಪ್ರೈವೇಟ್ != ಟ್ರೂ) | .ನೇಮ್'

‘ಫಾಲ್ಸ್‌ಗೆ ಸಮ’ ಎಂದು ಬರೆಯಬೇಡಿ. ಎಷ್ಟೋ ಪ್ಯಾಕೇಜ್.ಜೇಸನ್‌ಗಳಲ್ಲಿ ಆ ಫೀಲ್ಡೇ ಇರುವುದಿಲ್ಲ. ‘ಟ್ರೂ ಅಲ್ಲ’ ಎಂದರೆ ಎರಡೂ ಸಿಗುತ್ತವೆ.

ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಪ್ಯಾಕೇಜ್‌ಗೊಂದು ಜಾಬ್ ಓಡಿಸಲು ಈ ಪಟ್ಟಿಯನ್ನು ಮ್ಯಾಟ್ರಿಕ್ಸ್‌ಗೆ ಕೊಡುವುದು ರೂಢಿ. ಅಲ್ಲಿ ‘ಜೆಕ್ಯೂ -ಸಿ’ ಬಳಸಿ ಅರೇಯನ್ನು ಒಂದೇ ಸಾಲಿಗೆ ತನ್ನಿ. ಔಟ್‌ಪುಟ್ ಫೈಲ್‌ಗೆ ‘ಹೆಸರು=ಬೆಲೆ’ ರೂಪದಲ್ಲಿ ಬರೆಯುವಾಗ ಬೆಲೆ ಹಲವು ಸಾಲಾದರೆ ಆ ಹಂತವೇ ಬಿದ್ದುಹೋಗುತ್ತದೆ. ಮುಂದಿನ ಜಾಬ್‌ನಲ್ಲಿ ‘ಫ್ರಮ್‌ಜೇಸನ್’ನಿಂದ ಬಿಚ್ಚಿಕೊಳ್ಳಿ. ಬದಲಾದವುಗಳ ಪಟ್ಟಿ ತೆಗೆಯುವಿರಾದರೆ ಚೆಕ್‌ಔಟ್ ಹಂತದಲ್ಲಿ ‘ಫೆಚ್-ಡೆಪ್ತ್’ 0 ಮಾಡಿ. ಹಾಗೇ ಬಿಟ್ಟರೆ ಬರುವುದು ಒಂದೇ ಕಮಿಟ್, ಹೋಲಿಸಲು ಆರಿಜಿನ್/ಮೇನ್ ಅಲ್ಲಿ ಇರುವುದೇ ಇಲ್ಲ.

ಒಂದು ಮ್ಯಾಟ್ರಿಕ್ಸ್‌ಗೆ 256 ಜಾಬ್‌ಗಳ ಮಿತಿ ಇದೆ. ಪ್ಯಾಕೇಜ್ ಸಂಖ್ಯೆಯನ್ನು ನೋಡ್ ಆವೃತ್ತಿಗಳ ಸಂಖ್ಯೆಯಿಂದ ಗುಣಿಸಿದರೆ ಅದು ಎಣಿಸಿದ್ದಕ್ಕಿಂತ ಬೇಗ ಮುಟ್ಟುತ್ತದೆ. ಇನ್ನೊಂದು ತುದಿಯಲ್ಲಿ, ರೀಡ್‌ಮಿ ಮಾತ್ರ ತಿದ್ದಿದ ಪುಲ್ ರಿಕ್ವೆಸ್ಟ್‌ನಲ್ಲಿ ಬದಲಾದ ಪ್ಯಾಕೇಜ್ ಒಂದೂ ಇಲ್ಲದೆ ಅರೇ ಖಾಲಿಯಾಗಬಹುದು; ಖಾಲಿ ಮ್ಯಾಟ್ರಿಕ್ಸ್ ಕೊಟ್ಟರೆ ಗಿಟ್‌ಹಬ್ ಎರರ್ ಕೊಡುತ್ತದೆ. ಆ ಜಾಬ್‌ನ ‘ಇಫ್’ ಷರತ್ತಿನಲ್ಲಿ ಪಟ್ಟಿ '[]' ಅಲ್ಲ ಎಂದು ನೋಡಿಕೊಂಡೇ ಮುಂದೆ ಬಿಡಿ. ಪಟ್ಟಿ ತೆಗೆಯುವ ಹಂತ ‘--ಫೇಲ್-ಇಫ್-ನೋ-ಮ್ಯಾಚ್’ ಬಳಸುತ್ತಿದ್ದರೆ ಅದನ್ನು ಹೆಸರು ಹಿಡಿದು ಕೇಳುವ ಫಿಲ್ಟರ್‌ಗಳಿಗೆ ಮಾತ್ರ ಇಡಿ, ಚೌಕ ಕಂಸದ ಫಿಲ್ಟರ್‌ಗೆ ಬೇಡ. ಅಲ್ಲಿ ಏನೂ ಸಿಗದಿರುವುದು ತಪ್ಪಲ್ಲ.